ಹದಿನೈದು ಸೆಕೆಂಡಿನ ಹಾಲು

ಹಸುವಿನ ಕೆಚ್ಚಲಿಗೆ ಕೈಹಾಕಿಯೇ ಬೆಳೆದವನಿಗೆ ಹಂದಿಯ ಹಾಲು ಕರೆಯುವುದೇನು ಮಹಾ ಎನಿಸಿತ್ತು. ಸ್ನಾತಕೋತ್ತರ ಪಶುವೈದ್ಯ ಅಧ್ಯಯನಕ್ಕಾಗಿ, ಹಂದಿಯ ಹಾಲಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆಯಲು, ಮೇಘಾಲಯದ ರಿ-ಭೋಯಿ ಜಿಲ್ಲೆಗೆ ಹೋದಾಗ ಅಲ್ಲಿನ ನಾಟಿ ತಳಿ ‘ನಿಯಾಂಗ್ ಮೇಘಾ’ ಮೊದಲ ವಾರದಲ್ಲೇ ಆ ಜಂಬ ಇಳಿಸಿತು. ಕಪ್ಪು ಮೈ, ಬೆನ್ನುದ್ದಕ್ಕೂ ನಿಮಿರಿದ ಬಿರುಗೂದಲು, ಸೀಮೆಹಂದಿಯ ಪಕ್ಕದಲ್ಲಿ ನಿಂತರೆ ಕುಳ್ಳಿ. ಸಿಟ್ಟು ಮಾತ್ರ ಕುಳ್ಳಲ್ಲ.

ಎರಡು ದಿನ ಶೀಸೆ ಹಿಡಿದು ಕುಳಿತರೂ ಬೆರಳು ಒದ್ದೆಯಾದದ್ದಷ್ಟೇ. ಹಂದಿಯ ಮೊಲೆಯಲ್ಲಿ ಹಸುವಿನಂತೆ ಹಾಲು ತುಂಬಿ ನಿಲ್ಲುವ ಚೀಲವಿಲ್ಲ. ಮರಿಗಳು ಮೂತಿಯಿಂದ ತಿವಿದು ತಿವಿದು ಒತ್ತಿದ ಮೇಲೆ ತಾಯಿ ಗುರುಗುಟ್ಟುತ್ತಾ ತೊರೆ ಬಿಡುತ್ತಾಳೆ. ಅದೂ ಹತ್ತಿಪ್ಪತ್ತು ಸೆಕೆಂಡು. ಮತ್ತೆ ಸುಮಾರು ಒಂದು ಗಂಟೆ ಕಾಯಬೇಕು. ಕೊನೆಗೆ ಮರಿಗಳನ್ನು ಒಂದು ಗಂಟೆ ಬೇರೆ ಇಟ್ಟು, ತಾಯಿಗೆ ಹಾಲು ಇಳಿಸುವ ಹಾರ್ಮೋನ್ ಆಕ್ಸಿಟೋಸಿನ್ ಚುಚ್ಚಿ, ಎಲ್ಲ ಮೊಲೆಗಳಿಂದಲೂ ಸ್ವಲ್ಪ ಸ್ವಲ್ಪ ಕರೆದು ಬೆರೆಸಿದೆ. ಹೀಗೆ ಬೆರೆಸದಿದ್ದರೆ ಲೆಕ್ಕ ಕೆಡುತ್ತದೆ: ಮುಂದಿನ ಮೊಲೆಗಳಲ್ಲಿ ಹಾಲು ಹೆಚ್ಚು, ಬಲಿಷ್ಠ ಮರಿಗಳು ಹುಟ್ಟಿದ ಎರಡು ಮೂರು ದಿನಗಳಲ್ಲೇ ಅವುಗಳಿಗೆ ಪಟ್ಟಾ ಬರೆಸಿಕೊಂಡಿರುತ್ತವೆ.

ಗಿಣ್ಣಿನದು ಬೇರೆಯೇ ಕಥೆ. ಈಯುವಾಗ ಮತ್ತು ಈದ ಕೆಲವು ಗಂಟೆ ಚುಚ್ಚುಮದ್ದಿಲ್ಲದೆ ಅದು ತಾನಾಗಿ ಸಿಗುತ್ತದೆ. ಆದರೆ ಗಬ್ಬದ 114 ದಿನ ಲೆಕ್ಕ ಹಾಕಿ ಕಾದರೂ ಇವಳು ಈಯುವುದು ನಡುರಾತ್ರಿಯ ಚಳಿಯಲ್ಲಿ. ನಮ್ಮ ಮನೆಯಲ್ಲಿ ಗಿಣ್ಣು ಎಂದರೆ ಬೆಲ್ಲ, ಏಲಕ್ಕಿ. ಇಲ್ಲಿ ಅದು ಮರಿಯ ಪ್ರಾಣ. ಹಂದಿಯ ಗರ್ಭದಲ್ಲಿ ರೋಗ ತಡೆಯುವ ತಾಯಿಯ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ, ಎಲ್ಲವೂ ಗಿಣ್ಣಿನಿಂದಲೇ ಬರಬೇಕು, ಅದೂ ಮೊದಲ ಒಂದು ದಿನದೊಳಗೆ. ಈದ ಗಳಿಗೆಯಲ್ಲಿ ಶೇ. 15ರ ಆಸುಪಾಸಿನಲ್ಲಿರುವ ಪ್ರೋಟೀನ್ ಮರುದಿನದ ಹೊತ್ತಿಗೆ ಅರ್ಧಕ್ಕೆ ಇಳಿದಿರುತ್ತದೆ, ಮುಂದೆ ಶೇ. 5ರ ಬಳಿ ನಿಲ್ಲುತ್ತದೆ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಅದಕ್ಕೆ ತದ್ವಿರುದ್ಧ, ಶೇ. 3ರಿಂದ 5ರತ್ತ ಏರುತ್ತದೆ.

ನನ್ನನ್ನು ಕಾಡಿದ್ದು ಕೊಬ್ಬು. ಗಿಣ್ಣಿಗಿಂತ ಮೂರನೇ ದಿನದ ಹಾಲಿನಲ್ಲಿ ಅದು ಹೆಚ್ಚು ಬಂತು. ನನ್ನದೇ ತಪ್ಪೆಂದುಕೊಂಡು ಮೂರು ಸಲ ಪರೀಕ್ಷೆ ಮಾಡಿದೆ. ತಪ್ಪಲ್ಲ, ಹಂದಿಯ ಹಾಲು ಇರುವುದೇ ಹಾಗೆ. ತಪ್ಪಿದ್ದು ಡೇರಿಯಲ್ಲಿರುವಂಥ ಯಂತ್ರವನ್ನು ನಂಬಿದ್ದು. ಹಸುವಿನ ಹಾಲಿಗೆ ಹೊಂದಿಸಿಟ್ಟ ಯಂತ್ರ ಹಂದಿಯ ಹಾಲಿಗೆ ಬಾಯಿಗೆ ಬಂದ ಅಂಕಿ ಹೇಳುತ್ತದೆ. ಕೊಬ್ಬಿಗೆ ಹಳೆಯ ಗರ್ಬರ್ ವಿಧಾನಕ್ಕೆ ಮರಳಿದೆ: ಆಮ್ಲ ಹಾಕಿ ತಿರುಗಿಸಿ, ಬೇರ್ಪಟ್ಟ ಕೊಬ್ಬನ್ನು ಗೀಟು ಹಾಕಿದ ಗಾಜಿನ ನಳಿಗೆಯಲ್ಲಿ ಓದುವುದು. ಹಾಲಿಗೆ ಅಷ್ಟೇ ನೀರು ಬೆರೆಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿದೆ. ಇಲ್ಲವಾದರೆ ಕೊಬ್ಬು ಗಾಜಿನ ನಳಿಗೆಯ ಗೀಟುಗಳನ್ನೇ ದಾಟಿ ಹೋಗುತ್ತಿತ್ತು. ಪ್ರೋಟೀನಿಗೆ ಕೆಲ್ಡಾಲ್, ಅಂದರೆ ಸಾರಜನಕ ಅಳೆದು ಪ್ರೋಟೀನ್ ಲೆಕ್ಕ ಹಾಕುವ ವಿಧಾನ.

ನಾಟಿಯದು ಗಟ್ಟಿಯೋ, ಸೀಮೆಯದು ಗಟ್ಟಿಯೋ ಎಂದು ಈಗಲೂ ಕೇಳುತ್ತಾರೆ. ಎಷ್ಟನೇ ದಿನದ್ದು, ಏನು ತಿಂದವಳದ್ದು, ಹೇಗೆ ಕರೆದದ್ದು ಎಂದು ನಾನು ತಿರುಗಿ ಕೇಳುತ್ತೇನೆ. ಉತ್ತರ ಕೊಡದವರೊಂದಿಗೆ ವಾದಕ್ಕಿಳಿಯುವುದಿಲ್ಲ.

ಒಂದು ಕೊರತೆ ಮಾತ್ರ ಎರಡಕ್ಕೂ ಸಮಾನ: ಕಬ್ಬಿಣ. ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಬೇಕು, ಹಾಲಿನಲ್ಲಿ ಸಿಗುವುದು ಒಂದು ಮಿಲಿಗ್ರಾಂನಷ್ಟು. ಸಿಮೆಂಟ್ ನೆಲದ ಕೊಟ್ಟಿಗೆಯ ಮರಿಗಳಿಗೆ ನಾನು ಮೂರನೇ ದಿನ ಕಬ್ಬಿಣಾಂಶದ ಚುಚ್ಚುಮದ್ದು ಹಾಕುತ್ತಿದ್ದೆ. ಬೇಲಿಯಾಚೆ, ಹಳ್ಳಿಯ ಮನೆಯ ಮರಿಗಳು ತಾಯಿಯ ಹಿಂದೆ ಹೊರಬಿದ್ದು ಕೆಂಪು ಮಣ್ಣಿಗೆ ಮೂತಿ ತೂರಿಸುತ್ತಿದ್ದವು.