ಎಚ್‌ಒಎ ಕಾಗದ ಬಂದಿದೆಯಾ? ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡ ಹೊಸಬರಿಗೆ

ಗೃಹಪ್ರವೇಶ ಮುಗಿದಿರುತ್ತದೆ. ಡಬ್ಬಗಳನ್ನು ಪೂರ್ತಿ ಬಿಚ್ಚಿ ಆಗಿರುವುದಿಲ್ಲ. ಅಷ್ಟರಲ್ಲೇ ಒಂದು ಕಾಗದ: "ನಿಮ್ಮ ಕಸದ ಡಬ್ಬಿ ರಸ್ತೆಗೆ ಕಾಣುತ್ತಿದೆ, ಇದು ನಿಯಮದ ಉಲ್ಲಂಘನೆ." ಮೇಲ್ಗಡೆ ಎಂದೂ ಕೇಳದ ಒಂದು ಕಂಪನಿಯ ಹೆಸರು. ನಮ್ಮ ಕೂಟಕ್ಕೆ ಹೊಸಬರು ಫೋನ್ ಮಾಡಿ ಕೇಳುವುದರಲ್ಲಿ ಇದೇ ಜಾಸ್ತಿ. ಯಾರು ಇವರು, ನಮ್ಮ ಮನೆಯ ಬಗ್ಗೆ ಹೇಳೋಕೆ?

ಇವರು ನಿಮ್ಮ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘದ ಬೋರ್ಡ್, ಕೆಲಸಕ್ಕೆ ಇಟ್ಟುಕೊಂಡ ಮ್ಯಾನೇಜ್‌ಮೆಂಟ್ ಕಂಪನಿಯವರು. ತಿಂಗಳ ಹಣ ವಸೂಲಿ ಮಾಡುವುದು, ತೋಟದವರನ್ನು, ಪ್ಲಂಬರ್‌ನನ್ನು ಕರೆಸುವುದು, ಕಾಗದ ಕಳಿಸುವುದು ಅವರ ಕೆಲಸ. ತೀರ್ಮಾನ ಮಾಡುವುದು ಬೋರ್ಡ್. ಆ ಬೋರ್ಡ್‌ನಲ್ಲಿರುವವರು ಸಾಮಾನ್ಯವಾಗಿ ಅಲ್ಲೇ ಮನೆ ಇರುವ ನಿಮ್ಮಂಥವರು, ಸಂಬಳ ಇಲ್ಲದೆ ದುಡಿಯುವವರು, ಅಲ್ಲಿನ ಮನೆ ಮಾಲೀಕರ ಓಟಿನಿಂದ ಬಂದವರು. ಇದು ಗೊತ್ತಾದರೆ ಮ್ಯಾನೇಜರ್ ಜೊತೆ ಜಗಳ ಆಡುವ ಕಾರಣವೇ ಅರ್ಧ ಹೋಗುತ್ತದೆ. ಪಾಪ, ಒಬ್ಬರ ಕೈಯಲ್ಲೇ ಎಷ್ಟೋ ಸಲ ಹಲವು ಕಾಂಪ್ಲೆಕ್ಸ್‌ಗಳಿರುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ರೆಟರಿ ಮನೆ ಬಾಗಿಲು ತಟ್ಟಿ ಕೆಲಸ ಮಾಡಿಸಿಕೊಂಡ ಹಾಗೆ ಇಲ್ಲಿ ಆಗುವುದಿಲ್ಲ. ಇಲ್ಲಿ ಬರೆದದ್ದಕ್ಕೇ ಬೆಲೆ.

ನನಗೆ ಇದು ಗೊತ್ತಾಗಿದ್ದು ಒಂದು ಮಳೆಗಾಲದಲ್ಲಿ. ನಮ್ಮ ಕಾಂಡೋದ (ಸ್ವಂತದ ಅಪಾರ್ಟ್‌ಮೆಂಟ್ ಮನೆ) ಅಡುಗೆಮನೆ ಸೀಲಿಂಗ್‌ನಲ್ಲಿ ಅಂಗೈಯಗಲ ಕಂದು ಕಲೆ ಬಂತು. ಮೂರು ಸಲ ಫೋನ್ ಮಾಡಿದೆ. ಪ್ರತಿ ಸಲ ಬೇರೆ ಬೇರೆಯವರು ಎತ್ತಿದರು, "ಹೇಳ್ತೀವಿ" ಅಂದರು. ಮೂರು ವಾರ ಯಾರೂ ಬರಲಿಲ್ಲ. ಆಗ ಕೂಟದ ಹಿರಿಯರೊಬ್ಬರು, "ಫೋನ್ ಮಾಡಿದ್ದು ಸಾಕು, ಬರೆದು ಹಾಕಮ್ಮಾ" ಅಂದರು. ಸ್ಟೂಲ್ ಹತ್ತಿ ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದೆ. ಮುಂದಿನ ಮಳೆಗೆ ಕಲೆ ಆ ಗೆರೆ ದಾಟಿತ್ತು. ಎರಡೂ ಫೋಟೋ ಹಾಕಿ ಇಮೇಲ್ ಕಳಿಸಿದೆ. ಸಬ್ಜೆಕ್ಟ್‌ನಲ್ಲಿ ಮನೆ ನಂಬರ್ ಮತ್ತು "ಛಾವಣಿ ಸೋರುತ್ತಿದೆ" ಅಂತ ಮಾತ್ರ. ಒಳಗೆ ಫೋನ್ ಮಾಡಿದ ಮೂರು ತಾರೀಕು, ಒಂದೇ ಒಂದು ಪ್ರಶ್ನೆ: ಛಾವಣಿ ನೋಡಲು ಯಾವತ್ತು ಬರುತ್ತಾರೆ? ಕೊನೆಗೆ, ಇದನ್ನು ಬೋರ್ಡ್‌ಗೂ ಕೊಡಿ ಎಂಬ ಕೋರಿಕೆ. ನಾಲ್ಕನೇ ದಿನ ಏಣಿ ಹೊತ್ತು ಇಬ್ಬರು ಬಂದರು.

ಕಾಂಡೋಗಳಲ್ಲಿ ಛಾವಣಿ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು, ಅದರ ರಿಪೇರಿ ಎಚ್‌ಒಎಯದು. ಆದರೆ ಒಳಗಿನ ಕ್ಯಾಬಿನೆಟ್, ನೆಲಹಾಸು ನಿಮ್ಮ ಖರ್ಚಿಗೇ ಬರಬಹುದು. ಯಾವುದು ಯಾರದು ಅನ್ನುವುದು ಸಿಸಿ ಅಂಡ್ ಆರ್ಸ್ ಅನ್ನುವ ದಪ್ಪ ನಿಯಮಗಳ ಪುಸ್ತಕದಲ್ಲಿರುತ್ತದೆ. ಮನೆ ಕೊಳ್ಳುವಾಗ ಕೊಟ್ಟಿರುತ್ತಾರೆ, ಹುಡುಕಿ ತೆಗೆಯಿರಿ. ಒಳಭಾಗಕ್ಕೆ ಎಚ್‌ಒ-6 ಅನ್ನುವ ಕಾಂಡೋ ಇನ್ಶೂರೆನ್ಸ್ ಮಾಡಿಸದೇ ಇರಬೇಡಿ.

ಈಗ ದಂಡದ ವಿಷಯ. ಡೇವಿಸ್-ಸ್ಟರ್ಲಿಂಗ್ ಅನ್ನುವ 1985ರ ಕಾಯ್ದೆ ಇಲ್ಲಿನ ಎಚ್‌ಒಎಗಳಿಗೆಲ್ಲ ಬುನಾದಿ. ಅದರ ಪ್ರಕಾರ ದಂಡ ಹಾಕುವ ಮುಂಚೆ ಬೋರ್ಡ್ ನಿಮ್ಮ ಮಾತು ಕೇಳಬೇಕು, ಆ ಸಭೆಗೆ ಕನಿಷ್ಠ 10 ದಿನ ಮೊದಲು ನೋಟಿಸ್ ಕೊಡಬೇಕು. 2025ರ ಜುಲೈಯಿಂದ ನಿಯಮ ಇನ್ನೂ ಬಿಗಿಯಾಗಿದೆ. ಸಭೆಗೆ ಮುಂಚೆ ತಪ್ಪು ಸರಿಮಾಡಿದರೆ ದಂಡ ಹಾಕುವ ಹಾಗಿಲ್ಲ. ಜನರ ಆರೋಗ್ಯ, ಸುರಕ್ಷತೆಗೆ ಧಕ್ಕೆ ತರುವಂಥದ್ದು ಬಿಟ್ಟರೆ ಒಂದು ತಪ್ಪಿಗೆ 100 ಡಾಲರ್ ದಾಟುವಂತಿಲ್ಲ. ಹಾಗಾಗಿ ಡಬ್ಬಿ ಒಳಗಿಡಿ, ಫೋಟೋ ತೆಗೆದು ಅವತ್ತೇ ಕಳಿಸಿ. ತಪ್ಪು ನಿಮ್ಮದಲ್ಲ ಅನ್ನಿಸಿದರೆ "ಐಡಿಆರ್ ಬೇಕು" (ಸಂಘದೊಳಗೇ ತಕರಾರು ಬಗೆಹರಿಸುವ ಮಾತುಕತೆ) ಅಂತ ಬರೆದು ಕೇಳಿ. ಬೋರ್ಡ್‌ನವರೊಬ್ಬರು ನಿಮ್ಮ ಜೊತೆ ಕೂತು ಮಾತಾಡಬೇಕು. ನೀವು ಕೇಳಿದರೆ ಅವರು ಆಗಲ್ಲ ಅನ್ನುವ ಹಾಗಿಲ್ಲ, ಅದಕ್ಕೆ ಫೀಸೂ ಇಲ್ಲ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ. ಸಿಟ್ಟಿನಿಂದ ತಿಂಗಳ ಹಣ ನಿಲ್ಲಿಸಬೇಡಿ. ಊರಲ್ಲಿ ಮೇಂಟೆನೆನ್ಸ್ ಕೊಡದೆ ಹಟ ಹಿಡಿದು ಗೆದ್ದವರನ್ನು ನೋಡಿರಬಹುದು. ಇಲ್ಲಿ 15 ದಿನ ದಾಟಿದರೆ ತಡದ ಶುಲ್ಕ ಬೀಳಬಹುದು, ಆಮೇಲೆ ಮನೆಯ ಮೇಲೆ ಲೀನ್, ಅಂದರೆ ಬಾಕಿಗೆ ಮನೆಯನ್ನೇ ಹೊಣೆ ಮಾಡುವ ದಾಖಲೆ, ಬರಬಹುದು. ಬಾಕಿ 1,800 ಡಾಲರ್ ಮುಟ್ಟಿದರೆ, ಅಥವಾ 12 ತಿಂಗಳು ಹಳೆಯದಾದರೆ, ಮನೆ ಹರಾಜಿಗೆ ಹಾಕುವ ದಾರಿಯೂ ಅವರಿಗೆ ತೆರೆದುಕೊಳ್ಳುತ್ತದೆ. ತಕರಾರಿದ್ದರೆ "ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ" ಅಂತ ಬರೆದು ಹಣ ಕಟ್ಟಿ, ಆಮೇಲೆ ಸಣ್ಣ ಮೊತ್ತದ ವ್ಯಾಜ್ಯ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಕೇಳಬಹುದು.

ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳೇ ಬೇರೆ, ಅಲ್ವಾ? ಬಾಗಿಲಿಗೆ ತೋರಣ, ದೇವರ ಚಿತ್ರ ಹಾಕಬಹುದಾ? ಹಾಕಬಹುದು. ಬಾಗಿಲು, ಅದರ ಚೌಕಟ್ಟಿನ ಮೇಲೆ ಧಾರ್ಮಿಕ ವಸ್ತು ಇಡುವುದಕ್ಕೆ 2020ರಿಂದ ಕಾನೂನಿನ ರಕ್ಷಣೆ ಇದೆ. ಅಳತೆಗೆ ಮಿತಿ ಇರುತ್ತದೆ, ಬಾಗಿಲು ತೆರೆಯಲು ಅಡ್ಡಿಯಾಗಬಾರದು. ಸ್ವಂತ ಹಿತ್ತಲಲ್ಲಿ ಬದನೆ, ಮೆಂತ್ಯ ಬೆಳೆಯುವುದನ್ನೂ ಬಟ್ಟೆಗೆ ಹಗ್ಗ ಕಟ್ಟುವುದನ್ನೂ ಪೂರ್ತಿ ನಿಷೇಧಿಸುವಂತಿಲ್ಲ. ಆದರೆ ಬಾಲ್ಕನಿ ಕಂಬಿ ಆ ಹಗ್ಗದ ಲೆಕ್ಕಕ್ಕೆ ಬರಲ್ಲ. ಊರಿಂದ ಬಂದ ಅತ್ತೆ ಕಂಬಿ ಮೇಲೆ ಸೀರೆ ಹರವಿದರೆ ಕಾಗದ ಬರಬಹುದು, ಮೊದಲೇ ಹೇಳಿಡಿ. ಹೊರಗಿನ ಬಣ್ಣ, ಬೇಲಿ ಬದಲಿಸುವ ಮುಂಚೆ ಅರ್ಜಿ ಹಾಕಿ, ಒಪ್ಪಿಗೆ ಬರಹದಲ್ಲಿ ಬರುವ ತನಕ ಕಾಂಟ್ರಾಕ್ಟರ್‌ಗೆ ಅಡ್ವಾನ್ಸ್ ಕೊಡಬೇಡಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನೂ ಬರೆದು ಕೊಡಬೇಕು.

ದೂರು ಇಲ್ಲದಿದ್ದಾಗಲೂ ಒಂದು ಸಲ ಬೋರ್ಡ್ ಸಭೆಗೆ ಹೋಗಿ ಬನ್ನಿ. ಸಾಮಾನ್ಯ ಸಭೆಗೆ 4 ದಿನ ಮುಂಚೆ ಸೂಚನೆ ಹಾಕುತ್ತಾರೆ, ಮನೆ ಮಾಲೀಕರಿಗೆ ಮಾತಾಡಲು ಸಮಯವೂ ಇರುತ್ತದೆ. ನಿಮ್ಮ ಮುಖ ನೋಡಿದ ಮೇಲೆ ಇಮೇಲಿಗೆ ಬರುವ ಉತ್ತರದ ಧಾಟಿಯೇ ಬದಲಾಗುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಟೆಕ್ಸಾಸ್, ನ್ಯೂಜೆರ್ಸಿಗೆ ಹೋದರೆ ಕಾನೂನು ಬೇರೆ, ಈ ಲೆಕ್ಕಗಳು ಅಲ್ಲಿ ನಡೆಯಲ್ಲ. ಇಲ್ಲಿರುವವರು, ಕಾಗದ ಓದಿ ಅರ್ಥವಾಗದಿದ್ದರೆ ಸುಮ್ನೆ ಡ್ರಾಯರ್‌ಗೆ ಹಾಕಬೇಡಿ. ಅದರಲ್ಲಿ ಕೊಟ್ಟ ಗಡುವು ಮುಗಿಯುವ ಮುಂಚೆ ಕೂಟಕ್ಕೆ ತನ್ನಿ, ಕೂತು ಒಟ್ಟಿಗೆ ಓದೋಣ.