ಮಗ್ಗದ ಸದ್ದಿಗೆ ಕಟ್ಟಿದ ಹಾಡು

ನಮ್ಮೂರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಹೆಸರು ಹೇಳಿದ ಕೂಡಲೇ ಜನ ‘ಓ, ಖಣದ ಊರು’ ಅನ್ನುತ್ತಾರೆ. ಇಳಕಲ್ ಸೀರೆಗೆ ಜೋಡಿಯಾಗಿ ಕುಪ್ಪಸ ಹೊಲಿಸುವ ಬಟ್ಟೆಯೇ ಖಣ. ನಮ್ಮ ಮನೆಯಲ್ಲೂ ಒಂದು ಕುಣಿಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕೈಮಗ್ಗ ಇದೆ. ಒಂಬತ್ತನೇ ತರಗತಿಯಲ್ಲಿ ಕನ್ನಡ ಸರ್ ‘ನಮ್ಮೂರಿನ ಕಸುಬು’ ಅಂತ ಪ್ರಾಜೆಕ್ಟ್ ಕೊಟ್ಟರು. ನಾವು ಐದು ಜನ ಸೇರಿ ಒಂದು ಹಾಡು ಕಟ್ಟಿ, ಅದರ ವಿಡಿಯೊ ಮಾಡಿದೆವು. ಎಡಿಟಿಂಗ್ ನನ್ನ ಪಾಲಿಗೆ ಬಂತು. ಈಗ ತಂಗಿಯ ಕ್ಲಾಸಿನವರು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಲೆಯಲ್ಲಿದ್ದದ್ದು ಬಾದಾಮಿ. ಮೇಣಬಸದಿ ಗುಹೆಗಳ ಮುಂದೆ ನಿಂತು ಹಾಡೋಣ, ಅಗಸ್ತ್ಯ ತೀರ್ಥ ಕೆರೆಯ ದಂಡೆಯಲ್ಲಿ ನಡೆಯೋಣ ಅಂತೆಲ್ಲ. ಆದರೆ ಅದು ಪುರಾತತ್ವ ಇಲಾಖೆಯ ಜಾಗ, ಟ್ರೈಪಾಡ್ ಇಡಬೇಕಾದರೂ ಮೊದಲೇ ಅನುಮತಿ ಬೇಕು. ಅದಕ್ಕಿಂತ ದೊಡ್ಡ ಮಾತು ಹೇಳಿದವಳು ನನ್ನ ಗೆಳತಿ: ‘ಖಣದ ಹಾಡಿಗೆ ಗುಡಿ ಗುಹೆ ಯಾಕ ಬೇಕು?’ ಅಲ್ಲಿಗೆ ಕ್ಯಾಮೆರಾ ನಮ್ಮ ಮಗ್ಗದ ಕೋಣೆಗೆ ಬಂತು.

ಹಾಡು ನಮ್ಮದೇ. ತ್ರಿಪದಿಯ ಪಾಠ ಆಗಷ್ಟೇ ಮುಗಿದಿತ್ತು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಬೇಕು ಅಂತ ಸರ್ ಹೇಳಿದ್ದು ನೆನಪಿತ್ತು. ನಾವು ಬರೆದದ್ದನ್ನು ನಮ್ಮ ಆಯಿ ಹಾಡಿ ನೋಡಿ, ನಾಲಿಗೆಗೆ ತೊಡಕಾದ ಪದಗಳನ್ನು ತೆಗೆದು ಹಾಕಿದಳು. ಕೊನೆಗೆ ಉಳಿದ ತ್ರಿಪದಿಗಳಲ್ಲಿ ಇದೊಂದು:

ಕುಣಿಯಾಗ ಕುಂತಾನ ಲಾಳೀಯ ಒಗದಾನ
ಮಣಿಹಂಗ ಹೊಳದಾವ ಎಳಿಯೆಲ್ಲ – ನಮ್ಮಪ್ಪ
ಖಣದಾಗ ಊರ ಬರದಾನ

ಇಲ್ಲಿಂದ ಮುಂದೆ ನಾವು ತಪ್ಪಿದೆವು. ಫೋನಿನ ತಾಳದ ಆ್ಯಪ್‌ನಲ್ಲಿ ನಿಮಿಷಕ್ಕೆ 110 ಬಡಿತ ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡಿದೆವು. ಕೇಳಲು ಚುರುಕಾಗಿತ್ತು. ಅದನ್ನು ಸ್ಪೀಕರ್‌ನಲ್ಲಿ ಹಾಕಿ, ಇದಕ್ಕೆ ಸರಿಯಾಗಿ ನೇಯಿ ಅಂತ ಅಪ್ಪನಿಗೆ ಹೇಳಿದೆವು. ಪಾಪ, ಅಪ್ಪ ಪ್ರಯತ್ನ ಮಾಡಿದ. ಎರಡು ನಿಮಿಷ ಆಗಿರಲಿಲ್ಲ, ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆ ಪಟ್ ಅಂತ ಹರಿಯಿತು. ಅದನ್ನು ಹುಡುಕಿ, ಗಂಟು ಹಾಕಿ, ಮತ್ತೆ ಬಾಚಣಿಗೆಯಂಥ ಫಣಿಯಲ್ಲಿ ಪೋಣಿಸುವವರೆಗೆ ಯಾರೂ ಮಾತಾಡಲಿಲ್ಲ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಆಯಿ ತಲೆ ಎತ್ತದೆ ಅಂದಳು: ‘ನಿಮ್ಮ ಹಾಡ ಮಗ್ಗಕ್ಕ ಹೊಂದವಲ್ದು ನೋಡವಾ. ಮಗ್ಗ ಹೆಂಗ ಹಾಡ್ತದ, ಅದನ್ನ ಮೊದ್ಲ ಕೇಳ್ರಿ.’

ನಾಚಿಕೆ ಆಯಿತು. ಖಣಕ್ಕೆ ಲೆಕ್ಕ ಹಾಕಿ ಕೂಲಿ ಬರುತ್ತದೆ. ಮಗ್ಗ ನಿಂತಷ್ಟು ಹೊತ್ತು ಅಪ್ಪನ ದುಡಿಮೆಯೂ ನಿಂತ ಹಾಗೆ. ಅವತ್ತೇ ಒಂದು ನಿಯಮ ಮಾಡಿಕೊಂಡೆವು: ಶೂಟಿಂಗ್‌ಗಾಗಿ ಮಗ್ಗ ನಿಲ್ಲಿಸುವ ಹಾಗಿಲ್ಲ, ಅಪ್ಪನಿಗೆ ‘ಇನ್ನೊಂದು ಸಲ ಮಾಡು’ ಅನ್ನುವ ಹಾಗಿಲ್ಲ.

ಮರುದಿನ ಸುಮ್ನೆ ಕೂತು ಕೇಳಿದೆವು. ಒಂದು ಹೊಕ್ಕಿಗೆ, ಅಂದರೆ ಲಾಳಿ ಅಡ್ಡ ಎಳೆ ಹಾಕುತ್ತ ಒಂದು ಸಲ ಹೋದರೆ, ಎರಡು ಸದ್ದು. ಲಾಳಿ ಆ ಕಡೆ ಪೆಟ್ಟಿಗೆಗೆ ಹೋಗಿ ಬಡಿದಾಗ ‘ಟಕ್’, ಫಣಿ ಇರುವ ಹಲಗೆ ಬಂದು ಎಳೆಯನ್ನು ಒತ್ತಿದಾಗ ‘ಧಪ್’. ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ ಸುಮಾರು 45 ಹೊಕ್ಕು, ಅಂದರೆ 90 ಸದ್ದು. ನಮ್ಮ ಫೋನು ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ ತೆಗೆಯುತ್ತಿತ್ತು. ಹಾಗಾದರೆ ಒಂದು ಬಡಿತಕ್ಕೆ 20 ಫ್ರೇಮ್, ಒಂದು ಹೊಕ್ಕಿಗೆ 40. ಎಡಿಟಿಂಗ್ ಮಾಡಿದವರಿಗೆ ಇದರ ಬೆಲೆ ಗೊತ್ತು. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಮಗ್ಗವೇ ಲೆಕ್ಕ ಹಾಕಿ ಕೊಟ್ಟಿತ್ತು.

ಧ್ವನಿ ಮೊದಲು ಹಿಡಿದೆವು. ಪಕ್ಕದ ಮನೆಯ ಪವರ್‌ಲೂಮ್ ಸದ್ದಿನಲ್ಲಿ ನಮ್ಮ ಮಗ್ಗ ಕೇಳಿಸುತ್ತಲೇ ಇರಲಿಲ್ಲ. ಕರೆಂಟು ಹೋದ ಹೊತ್ತಿಗೆ ಕಾದು ಕೂತೆವು. ಕೈಮಗ್ಗಕ್ಕೆ ಕರೆಂಟು ಬೇಡವಲ್ಲ! ಹತ್ತು ನಿಮಿಷ ರೆಕಾರ್ಡ್ ಮಾಡಿ, ಅದರಲ್ಲಿ ನಡಿಗೆ ಏರುಪೇರಾಗದ 2 ನಿಮಿಷ 40 ಸೆಕೆಂಡ್ ಆರಿಸಿಕೊಂಡೆವು. ಆಮೇಲೆ ಒಳಗಿನ ಕೋಣೆಯ ಗೋಡೆಗೆಲ್ಲ ಆಯಿಯ ಕೌದಿಗಳನ್ನು ತೂಗುಹಾಕಿದೆವು. ಅಷ್ಟಕ್ಕೇ ಕೋಣೆಯ ಗುಂಯ್ ಅನ್ನುವ ಸದ್ದು ಹೋಯಿತು. ಮಗ್ಗದ ಸದ್ದನ್ನು ಇಯರ್‌ಫೋನ್‌ನಲ್ಲಿ ಕೇಳುತ್ತ ಹಾಡಿದೆವು. ಹಾಡು ನಿಧಾನವಾಯಿತು, ಆದರೆ ಪದಗಳು ಈಗ ಕಿವಿಗೆ ಕೂತವು.

ಬೆಳಕಿನ ವಿಷಯ. ಕುಣಿಮಗ್ಗದ ಕೋಣೆ ಯಾವಾಗಲೂ ಮಬ್ಬು. ಟ್ಯೂಬ್‌ಲೈಟ್ ಹಾಕಿದರೆ ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಓಡಾಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ಶಟರ್ ತೆರೆದಿರುವ ಹೊತ್ತನ್ನು 1/100 ಸೆಕೆಂಡಿಗೆ ಇಟ್ಟ ಮೇಲೆ ಪಟ್ಟೆ ಮಾಯವಾದವು. ಆದರೂ ನನಗೆ ಇಷ್ಟವಾದದ್ದು ಮಾಳಿಗೆಯ ಬೆಳಕಿಂಡಿಯ ಬಿಸಿಲು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅದು ನೇರ ಖಣದ ಮೇಲೆ ಬೀಳುತ್ತದೆ, ಅರ್ಧ ಗಂಟೆ ಇದ್ದು ಸರಿದುಹೋಗುತ್ತದೆ. ಮೂರು ರವಿವಾರ ಆ ಅರ್ಧ ಗಂಟೆಯಲ್ಲೇ ಶೂಟ್ ಮಾಡಿದೆವು. ಎದುರಿಗೆ ಒಬ್ಬರು ಬಿಳಿ ಥರ್ಮೊಕೋಲ್ ಹಲಗೆ ಹಿಡಿದರೆ ಅಪ್ಪನ ಮುಖಕ್ಕೂ ಬೆಳಕು ಸಿಗುತ್ತಿತ್ತು.

ನೋಟ್‌ಬುಕ್ಕಿನಲ್ಲಿ ಮೊದಲೇ 14 ಶಾಟ್ ಚಿತ್ರ ಬರೆದುಕೊಂಡಿದ್ದೆವು. ಅದರಲ್ಲಿ ಇಲ್ಲದ ಒಂದು ಶಾಟ್ ಎಲ್ಲಕ್ಕಿಂತ ಚೆನ್ನಾಗಿ ಬಂತು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕ್ಯಾಮೆರಾದ ಜಾಗ ಮಾತ್ರ ಬಿಟ್ಟು, ಕುಣಿಯೊಳಗೆ ಇಟ್ಟಿಗೆಗೆ ಒರಗಿಸಿ ಇಟ್ಟೆವು. ಅಪ್ಪನ ಪಾದಗಳು ಒಂದಾದ ಮೇಲೊಂದು ಕಾಲಹಲಗೆ ತುಳಿಯುವುದು, ಮೇಲಿನಿಂದ ನೂಲಿನ ಧೂಳು ಬಿಸಿಲಲ್ಲಿ ಇಳಿಯುವುದು. ಹಿಮ್ಮಡಿಯ ಬಿರುಕು ಸಹ ಕಾಣುತ್ತಿತ್ತು. ನಾನು ಹುಟ್ಟಿದಾಗಿನಿಂದ ಆ ಮಗ್ಗ ನೋಡಿದ್ದೇನೆ, ಆ ಪಾದಗಳನ್ನು ನೋಡಿರಲಿಲ್ಲ.

ಹಾಡಿಗೆ ತುಟಿ ಆಡಿಸಲು ಆಯಿಗೆ ಆಗಲಿಲ್ಲ. ಬಲವಂತ ಮಾಡಲಿಲ್ಲ. ಅವಳ ದನಿ ಬರುವಲ್ಲಿ ಕಂಡಿಕೆ ಸುತ್ತುವ ಕೈ ತೋರಿಸಿದೆವು, ಅದೇ ಸರಿಯಾಯಿತು.

ಎಡಿಟಿಂಗ್‌ಗೆ ಗೆಳತಿಯ ಅಣ್ಣನ ಲ್ಯಾಪ್‌ಟಾಪ್, ಅದರಲ್ಲಿ ಉಚಿತವಾಗಿ ಸಿಗುವ ಕೆಡೆನ್‌ಲೈವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್. ಕ್ಲಿಪ್‌ಗಳನ್ನು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಬೇಡಿ, ಗುಣಮಟ್ಟ ಇಳಿಯುತ್ತದೆ. ಕೇಬಲ್ ಹಾಕಿ ಕಾಪಿ ಮಾಡಿ. ಇನ್ನೊಂದು, ಫೋನಿನ ವಿಡಿಯೊದಲ್ಲಿ ಫ್ರೇಮ್‌ಗಳ ವೇಗ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತಿರುತ್ತದೆ. ಉದ್ದ ಕ್ಲಿಪ್‌ನಲ್ಲಿ ಚಿತ್ರ ಒಂದು ಕಡೆ, ಸದ್ದು ಒಂದು ಕಡೆ ಆಗುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಒಂದೇ ವೇಗಕ್ಕೆ ತಂದುಕೊಂಡು ಆಮೇಲೆ ಕೆಲಸ ಶುರು ಮಾಡಿ. ನಾನು ಪ್ರತಿ ಕ್ಲಿಪ್‌ನಲ್ಲಿ ಹಲಗೆ ಬಟ್ಟೆಗೆ ತಾಗುವ ಒಂದೇ ಒಂದು ಫ್ರೇಮ್ ಹುಡುಕಿ, ಅದನ್ನು ಹಾಡಿನ ‘ಧಪ್’ ಮೇಲೆ ಕೂರಿಸಿದೆ. ಬೇರೆ ಬೇರೆ ದಿನ ತೆಗೆದದ್ದೆಲ್ಲ ಒಂದೇ ನೇಯ್ಗೆಯ ಹಾಗೆ ಕಂಡಿತು.

ಶಾಲೆಗೆ ಕೊಡುವ ಹಿಂದಿನ ರಾತ್ರಿ ಅಪ್ಪನಿಗೆ ತೋರಿಸಿದೆ. ಪೂರ್ತಿ ನೋಡಿದ. ಪಾದದ ಶಾಟ್ ಬಂದಾಗ ಕಾಲು ಒಳಗೆ ಎಳೆದುಕೊಂಡು ಕೂತ. ಮುಗಿದ ಮೇಲೆ ಕೇಳಿದ: ‘ನಡುವ ಲಾಳಿ ಎರಡ್ ಸಲ ಬಲಕ್ಕ ಹೋತಲ್ಲ. ಎಡಕ್ಕ ಬರದ ಹೆಂಗ ಹೋತದು?’

ಹೌದು. ತಾಳ ನೋಡಿ ಕತ್ತರಿಸುವ ಭರದಲ್ಲಿ ಲಾಳಿಯ ದಿಕ್ಕು ನೋಡಿರಲಿಲ್ಲ. ಬಲಕ್ಕೆ ಹೋದದ್ದು ಎಡಕ್ಕೆ ಬರಲೇಬೇಕು, ಇಲ್ಲದಿದ್ದರೆ ಅದು ಬಟ್ಟೆಯೇ ಆಗುವುದಿಲ್ಲ. ರಾತ್ರಿ ಹನ್ನೆರಡರವರೆಗೆ ಅಪ್ಪ ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದ, ನಾನು ತಿದ್ದಿದೆ. ಮೂರು ಕಡೆ ಸಿಕ್ಕಿತು.