ಹಿರಿಯರ ಪಿಂಚಣಿ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಅಜ್ಜಿಗೆ ಅರ್ಹತೆ ಇದೆ, ಹಣ ಮಾತ್ರ ಬರುವುದಿಲ್ಲ. ಪಂಚಾಯತಿಗೆ ಹೋದರೆ ‘ಮಸ್ಟರಿಂಗ್ ಆಗಿಲ್ಲ’, ಅಂದರೆ ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಬೆರಳಿನ ಗುರುತು ಕೊಟ್ಟಿಲ್ಲ, ಎನ್ನುತ್ತಾರೆ. ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋದರೆ ‘ಬೆರಳು ತೆಗೊಳ್ಳುವುದಿಲ್ಲ, ಆಧಾರ್ ಸರಿ ಮಾಡಿಸಿ ಬನ್ನಿ’ ಎನ್ನುತ್ತಾರೆ. ಆಧಾರ್ ಸರಿಯಾಗಿ ಬರುವಷ್ಟರಲ್ಲಿ ಮಸ್ಟರಿಂಗಿನ ಗಡುವು ಮುಗಿದಿರುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಮನೆಗಳಲ್ಲಿ ಪ್ರತಿ ಮಳೆಗಾಲವೂ ನಡೆಯುವ ಈ ಓಡಾಟದಲ್ಲಿ ಮುಕ್ಕಾಲು ಪಾಲನ್ನು ಮೇ ತಿಂಗಳಲ್ಲೇ ತಪ್ಪಿಸಬಹುದು.

ಕೇರಳ ಸರಕಾರದ ವೃದ್ಧಾಪ್ಯ ಪಿಂಚಣಿ 2025ರ ನವೆಂಬರಿನಿಂದ ತಿಂಗಳಿಗೆ 2000 ರೂಪಾಯಿ. ಅದಕ್ಕೆ ಮೊದಲು 1600 ಇತ್ತು. ಅರ್ಜಿ ಹಾಕುವುದಕ್ಕೂ ಬರುತ್ತಿರುವುದನ್ನು ಉಳಿಸಿಕೊಳ್ಳುವುದಕ್ಕೂ ನಿಯಮಗಳು ಹೆಚ್ಚುಕಡಿಮೆ ಒಂದೇ.

ಮೊದಲು ಮನೆ, ಜಾಗ, ವಾಹನ ನೋಡಿ

60 ವರ್ಷ ತುಂಬಿರಬೇಕು. ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ ದಾಟಿರಬಾರದು. ಎರಡು ಎಕರೆಗಿಂತ ಹೆಚ್ಚು ಜಾಗ ಇರಬಾರದು. ಪರಿಶಿಷ್ಟ ಪಂಗಡದವರಿಗೆ ಈ ಮಿತಿ ಇಲ್ಲ. ಮನೆ 2000 ಚದರ ಅಡಿ ಮೀರಬಾರದು, ಎಸಿ ಇರಬಾರದು, 1000 ಸಿಸಿಗಿಂತ ದೊಡ್ಡ ಸ್ವಂತ ಕಾರು ಇರಬಾರದು. ಟ್ಯಾಕ್ಸಿಯಾಗಿ ಓಡುವ ಗಾಡಿಗೆ ತೊಂದರೆ ಇಲ್ಲ. ಕಾರಿನ ಸಿಸಿ ಎಷ್ಟೆಂದು ಅಂದಾಜಿನಲ್ಲಿ ಹೇಳಬೇಡಿ, ಆರ್‌ಸಿ ತೆರೆದು ನೋಡಿ. 998 ಬರೆದಿದ್ದರೆ ಬಚಾವು, 1197 ಬರೆದಿದ್ದರೆ ಇಲ್ಲ.

ಇಲ್ಲಿ ಮಕ್ಕಳು ಮಾಡುವ ಒಂದು ಎಡವಟ್ಟನ್ನು ಹೇಳಲೇಬೇಕು. ಗಲ್ಫಿನಲ್ಲಿರುವ ಮಗ ಊರಿನಲ್ಲಿ ದೊಡ್ಡ ಮನೆ ಕಟ್ಟಿಸಿ ಪ್ರೀತಿಯಿಂದ ಅಮ್ಮನ ಹೆಸರಿಗೆ ಮಾಡುತ್ತಾನೆ, ಕಾರನ್ನೂ ಅಪ್ಪನ ಹೆಸರಿನಲ್ಲೇ ಕೊಳ್ಳುತ್ತಾನೆ. ಮನೆಯ ಅಳತೆ ಕಟ್ಟಡ ತೆರಿಗೆಯ ದಾಖಲೆಯಲ್ಲಿ ಪಂಚಾಯತಿನಲ್ಲೇ ಇರುತ್ತದೆ, ವಾಹನದ ಲೆಕ್ಕ ಮೋಟಾರು ವಾಹನ ಇಲಾಖೆಯಲ್ಲಿ ಇರುತ್ತದೆ. ಎರಡನ್ನೂ ಪಿಂಚಣಿ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವುದು ಈಗ ಕಷ್ಟದ ಕೆಲಸವೇನಲ್ಲ. 2024ರ ನವೆಂಬರಿನಲ್ಲಿ ಹಣಕಾಸು ಇಲಾಖೆ ಇಂಥದೇ ತಾಳೆ ನೋಡಿ, ಕ್ಷೇಮ ಪಿಂಚಣಿ (ವೃದ್ಧಾಪ್ಯ, ವಿಧವಾ ಮುಂತಾದ ಪಿಂಚಣಿಗಳು) ಪಡೆಯುತ್ತಿದ್ದ 1458 ಸರಕಾರಿ ನೌಕರರನ್ನು ಪತ್ತೆ ಮಾಡಿತ್ತು. ಅವರಿಂದ ಶೇ. 18ರ ಬಡ್ಡಿ ಸಹಿತ ಹಣ ವಾಪಸ್ ಕೇಳಲಾಯಿತು. ಅರ್ಹತೆ ತಪ್ಪಿದ್ದರೆ ನೀವೇ ಪಂಚಾಯತಿಗೆ ಬರೆದು ಕೊಡುವುದು ಕ್ಷೇಮ.

ಜಾಗದ ವಿಷಯದಲ್ಲಿ ಗೊಂದಲವಾಗುವುದು ಪಾಲಾದ ಆಸ್ತಿಯಿಂದ. ಅಜ್ಜ ಮೂರು ಎಕರೆಯನ್ನು ಹತ್ತು ವರ್ಷದ ಹಿಂದೆಯೇ ಮಕ್ಕಳಿಗೆ ಪಾಲು ಮಾಡಿ ಕೊಟ್ಟಿರುತ್ತಾರೆ, ಪತ್ರ ನೋಂದಣಿಯೂ ಆಗಿರುತ್ತದೆ. ಆದರೆ ವಿಲೇಜ್ ಆಫೀಸಿನಲ್ಲಿ ಹೆಸರು ಬದಲಾವಣೆ, ಅಂದರೆ ಇಲ್ಲಿ ಎಲ್ಲರೂ ಹೇಳುವ ‘ಪೋಕುವರವ್’, ಮಾಡಿಸಿರುವುದಿಲ್ಲ. ತೀರ್ವೆ (ಭೂಕಂದಾಯ) ರಶೀದಿ ಇನ್ನೂ ಅಜ್ಜನ ಹೆಸರಿಗೇ ಹರಿದು ಬರುತ್ತದೆ, ದಾಖಲೆಯ ಪ್ರಕಾರ ಅವರು ಮೂರು ಎಕರೆಯ ಒಡೆಯರು. ಪಿಂಚಣಿಗೆ ಅರ್ಜಿ ಹಾಕುವ ಮೊದಲು ಈ ಕೆಲಸ ಮುಗಿಸಿ. ಅರ್ಜಿ ತಿರಸ್ಕಾರವಾದ ಮೇಲೆ ಪಾಲು ಪತ್ರ ಹಿಡಿದುಕೊಂಡು ಅಲೆದರೆ ಎರಡು ಪಟ್ಟು ದಿನ ಹೋಗುತ್ತದೆ.

ಗಡಿಯವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ಕರ್ನಾಟಕದಲ್ಲಿ 65 ವರ್ಷ ದಾಟಿದವರಿಗೆ ಸಂಧ್ಯಾ ಸುರಕ್ಷಾ ಎಂಬ ಪಿಂಚಣಿ ಇದೆ. ಪುತ್ತೂರಿನ ಮಗಳ ಮನೆಯ ವಿಳಾಸದಲ್ಲಿ ಅಲ್ಲೊಂದು, ಪೆರ್ಲದ ಮನೆಯ ವಿಳಾಸದಲ್ಲಿ ಇಲ್ಲೊಂದು ಎಂದು ಎರಡೂ ಕಡೆ ಪಡೆಯುವಂತಿಲ್ಲ. ಆಧಾರ್ ಒಂದೇ, ಸಿಕ್ಕಿಬೀಳುವುದೂ ಒಂದೇ ಸಲ.

ಆದಾಯ ಸರ್ಟಿಫಿಕೇಟು

ಇದನ್ನು ವಿಲೇಜ್ ಆಫೀಸರ್ ಕೊಡುತ್ತಾರೆ. ಅರ್ಜಿ ಹಾಕುವುದು ಇ-ಡಿಸ್ಟ್ರಿಕ್ಟ್ ಎಂಬ ಸರಕಾರಿ ಜಾಲತಾಣದ ಮೂಲಕ, ಅಕ್ಷಯದಲ್ಲಿ. ರೇಷನ್ ಕಾರ್ಡು, ಆಧಾರ್, ತೀರ್ವೆ ರಶೀದಿ ಒಯ್ಯಿರಿ.

ಒಂದು ಲಕ್ಷ ಎಂದರೆ ತಿಂಗಳಿಗೆ 8333 ರೂಪಾಯಿ. ಕಿಲೋಗೆ 400ರಂತೆ ಎರಡೂವರೆ ಕ್ವಿಂಟಾಲ್ ಚಾಲಿ ಅಡಿಕೆ ಮಾರಿದರೆ ಅಲ್ಲಿಗೇ ಲಕ್ಷ ಮುಟ್ಟಿತು. ಹಾಗಾಗಿ ‘ತೋಟ ಇದೆ, ಆದಾಯ ಇಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಇನ್ನೊಂದು ಕಡೆ, ಅರ್ಹರಾದವರೂ ಇದೇ ಹಂತದಲ್ಲಿ ಕೈ ಜಾರಿ ಬೀಳುತ್ತಾರೆ: ರೇಷನ್ ಕಾರ್ಡಿನಲ್ಲಿ ಹೆಸರಿರುವ ಎಲ್ಲರ ಸಂಪಾದನೆಯನ್ನೂ ಅರ್ಜಿಯಲ್ಲಿ ತುಂಬಿಸಿಬಿಡುತ್ತಾರೆ. ಮದುವೆಯಾದ ಮಕ್ಕಳ ಆದಾಯವನ್ನು ಈ ಪಿಂಚಣಿಗೆ ಲೆಕ್ಕ ಹಿಡಿಯುವುದಿಲ್ಲ. ಸರ್ಟಿಫಿಕೇಟು ಕ್ಷೇಮ ಪಿಂಚಣಿಗಾಗಿ ಎಂದು ಅರ್ಜಿಯಲ್ಲೇ ಕಾಣಿಸಿ, ಮದುವೆಯಾದ ಮಗನ ಸಂಬಳ ಸೇರಿಸಿಲ್ಲ ಎಂದು ಟೈಪ್ ಮಾಡುವವರಿಗೆ ಬಾಯಿಬಿಟ್ಟು ಹೇಳಿ. ಇದಕ್ಕಾಗಿ ರೇಷನ್ ಕಾರ್ಡನ್ನೇ ಬೇರೆ ಮಾಡಿಸುವ ಅಡ್ಡದಾರಿಯನ್ನು ಕೆಲವರು ಸೂಚಿಸುತ್ತಾರೆ. ಬೇಡ, ಅದರ ಅಗತ್ಯವೇ ಇಲ್ಲ.

ಪ್ರಾಯದ ದಾಖಲೆ, ಹೆಸರು

ಶಾಲೆಯ ಸರ್ಟಿಫಿಕೇಟು ಇದ್ದರೆ ಅದೇ ಉತ್ತಮ. ಆಧಾರನ್ನೇ ಪ್ರಾಯದ ಪುರಾವೆಯಾಗಿ ನೆಚ್ಚಬೇಡಿ. ಹುಟ್ಟಿದ ದಿನಾಂಕ ಗೊತ್ತಿಲ್ಲದ ಹಿರಿಯರಿಗೆ ಆಧಾರಿನಲ್ಲಿ ಅಂದಾಜು ವರ್ಷ ಹಾಕಿ ಜನವರಿ 1 ಎಂದು ಬರೆದಿರುತ್ತಾರೆ. ಆಧಾರ್ ಗುರುತಿನ ದಾಖಲೆ, ಪ್ರಾಯಕ್ಕೆ ಅದು ಸಾಲದು ಎಂದು ಸುಪ್ರೀಂ ಕೋರ್ಟು ಕೂಡ 2024ರಲ್ಲಿ ಹೇಳಿದೆ. ಆಧಾರಿನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಒಂದೇ ಅವಕಾಶ, ಹೆಸರು ತಿದ್ದಲು ಎರಡು. ಅವಸರದಲ್ಲಿ ಅದನ್ನು ಖಾಲಿ ಮಾಡಿಕೊಳ್ಳಬಾರದು.

ಹೆಸರಿನ ರಗಳೆ ಕನ್ನಡ, ತುಳು ಮನೆಗಳಿಗೆ ವಿಶೇಷ. ಕನ್ನಡದವರು ‘ಎಂ. ಕಮಲ’ ಎಂದು ಬರೆಯುತ್ತಾರೆ, ಕೇರಳದ ರೂಢಿಯಲ್ಲಿ ಅದು ‘ಕಮಲ ಎಂ’ ಆಗುತ್ತದೆ. ಐತಪ್ಪ, ಬಟ್ಯ, ಚೋಮು ಎಂಬ ಹೆಸರುಗಳು ಕಿವಿಗೆ ಬಿದ್ದಂತೆ ಮಲಯಾಳದಲ್ಲಿ ಒಂದು ಥರ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಇನ್ನೊಂದು ಥರ ಆಗುತ್ತವೆ. ಲಕ್ಷ್ಮಿಯಂಥ ಹೆಸರಿಗೇ ಎರಡು ಬಗೆಯ ಇಂಗ್ಲಿಷ್ ಅಕ್ಷರ ಇದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯುವ ಹಕ್ಕು ಭಾಷಾ ಅಲ್ಪಸಂಖ್ಯಾತರಾದ ನಮಗೆ 1969ರ ಆಡಳಿತ ಭಾಷಾ ಕಾಯಿದೆಯಿಂದಲೇ ಇದೆ, ಬಿಡಬೇಡಿ. ಆದರೆ ಹೆಸರಿನ ಕೆಳಗೆ ಆಧಾರಿನಲ್ಲಿರುವ ಇಂಗ್ಲಿಷ್ ಕಾಗುಣಿತವನ್ನು ದೊಡ್ಡ ಅಕ್ಷರದಲ್ಲಿ, ಇನಿಷಿಯಲ್ ಎಲ್ಲಿದೆಯೋ ಅಲ್ಲೇ ಇಟ್ಟು, ಮತ್ತೊಮ್ಮೆ ಬರೆಯಿರಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಅದೇ ಹೆಸರಿರಲಿ.

ಅರ್ಜಿ ಪಂಚಾಯತಿಗೆ ಸಲ್ಲಿಸಿ, ರಶೀದಿ ತೆಗೆದುಕೊಳ್ಳಿ, ತನಿಖೆಗೆ ಬಂದವರಿಗೆ ಮನೆ ತೋರಿಸಿ. ಈ ಹಂತದಲ್ಲಿ ಹೆಚ್ಚೇನೂ ಇಲ್ಲ.

ಮಸ್ಟರಿಂಗ್: ಎಲ್ಲರೂ ಎಡವುವ ಜಾಗ

ಪಿಂಚಣಿ ಪಡೆಯುವವರು ಬದುಕಿದ್ದಾರೆ, ಅವರೇ ಇವರು ಎಂದು ವರ್ಷಕ್ಕೊಮ್ಮೆ ಬೆರಳಿನ ಗುರುತು ಕೊಟ್ಟು ಖಾತ್ರಿಪಡಿಸುವುದೇ ಮಸ್ಟರಿಂಗ್. ಅಕ್ಷಯ ಕೇಂದ್ರದಲ್ಲಿ ಇದಕ್ಕೆ 30 ರೂಪಾಯಿ. ಹಾಸಿಗೆ ಹಿಡಿದವರ ಮನೆಗೇ ಬಂದು ಮಾಡಿದರೆ 50 ರೂಪಾಯಿ. ಅಂಥವರ ಹೆಸರನ್ನು ವಾರ್ಡ್ ಮೆಂಬರರಿಗೂ ಅಕ್ಷಯಕ್ಕೂ ಮೊದಲೇ ತಿಳಿಸಿಡಬೇಕು.

2024ರಲ್ಲೂ 2025ರಲ್ಲೂ ಇದಕ್ಕೆ ಮೊದಲು ನಿಗದಿಯಾಗಿದ್ದ ಅವಧಿ ಜೂನ್ 25ರಿಂದ ಆಗಸ್ಟ್ 24ರ ವರೆಗೆ. ನಮ್ಮ ಕಡೆ ಅದು ಸುರಿವ ಮಳೆಯ, ಆಟಿ ತಿಂಗಳ ಕಾಲ. ಕರೆಂಟು ಹೋಗುತ್ತದೆ, ನೆಟ್ಟು ಕೈ ಕೊಡುತ್ತದೆ, ಜೀಪಿನಿಂದ ಇಳಿದು ನೆನೆಯುತ್ತ ಬಂದ ಅಜ್ಜಿಯ ಬೆರಳು ಸುಕ್ಕುಗಟ್ಟಿರುತ್ತದೆ. ಕೊನೆಯ ವಾರದಲ್ಲಂತೂ ಸರತಿ ಜಗಲಿ ದಾಟಿ ರಸ್ತೆಗೆ ಬಂದಿರುತ್ತದೆ. ಮೊದಲ ಹತ್ತು ದಿನದೊಳಗೆ, ಬೆಳಿಗ್ಗೆ ಹೊತ್ತು, ಮಳೆ ಹೊಳವಾದ ದಿನ ನೋಡಿ ಹೋಗಿ.

ಬೆರಳು ಯಾಕೆ ತೆಗೆದುಕೊಳ್ಳುವುದಿಲ್ಲ? ಪ್ರಾಯವಾದಂತೆ ಚರ್ಮ ತೆಳ್ಳಗಾಗಿ ಒಣಗುತ್ತದೆ, ಗೆರೆಗಳು ಚಪ್ಪಟೆಯಾಗುತ್ತವೆ. ಮೇಲಿಂದ ಜೀವಮಾನವಿಡೀ ಮಾಡಿದ ಕೆಲಸವೂ ಸೇರಿಕೊಳ್ಳುತ್ತದೆ. ಬೀಡಿ ಕಟ್ಟಿದವರ ಹೆಬ್ಬೆರಳು, ತೋರುಬೆರಳು ಸವೆದು ನುಣುಪಾಗಿರುತ್ತವೆ. ಅಡಿಕೆ ಸುಲಿಯುವವರ ಬೆರಳಿಗೆ ಕರೆ ಹಿಡಿದಿರುತ್ತದೆ. ಗೇರುಬೀಜ ಸುಲಿದವರ ಚರ್ಮವನ್ನು ಗೇರುಸಿಪ್ಪೆಯ ಎಣ್ಣೆ ಸುಟ್ಟಿರುತ್ತದೆ. ಕೆಂಪು ಕಲ್ಲಿನ ಕೋರೆಯಲ್ಲಿ ದುಡಿದವರ ಕೈ ಕೇಳುವುದೇ ಬೇಡ.

ಹಾಗಾಗಿ ಒಂದು ವಾರ ಮುಂಚಿನಿಂದ ತಯಾರಿ ಮಾಡಿ. ರಾತ್ರಿ ಮಲಗುವ ಮೊದಲು ಹತ್ತೂ ಬೆರಳ ತುದಿಗೆ ತೆಳ್ಳಗೆ ತೆಂಗಿನೆಣ್ಣೆ ಅಥವಾ ವ್ಯಾಸಲಿನ್ ಹಚ್ಚಿ ತಿಕ್ಕಬೇಕು. ಆ ವಾರ ಅಡಿಕೆ ಸುಲಿಯುವುದು, ಬೂದಿ ಹಾಕಿ ಪಾತ್ರೆ ತಿಕ್ಕುವುದು ಬೇಡ. ಹೋಗುವ ದಿನ ಮಾತ್ರ ಎಣ್ಣೆ ಹಚ್ಚಬೇಡಿ, ಗಾಜಿನ ಮೇಲೆ ಜಿಡ್ಡು ಮೆತ್ತಿ ಗುರುತು ಕಲಸಿಹೋಗುತ್ತದೆ. ಸಾಬೂನು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ ಹೊರಡಿ. ಒಣ ತೋರ್ತೊಂದು (ತೆಳ್ಳನೆಯ ಟವೆಲು) ಚೀಲದಲ್ಲಿರಲಿ. ಕೇಂದ್ರದ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಮುಟ್ಟಬೇಡಿ. ಅದು ಚರ್ಮವನ್ನು ಆ ಕ್ಷಣಕ್ಕೇ ಒಣಗಿಸುತ್ತದೆ, ಅದರಷ್ಟು ಕೆಟ್ಟದ್ದು ಈ ಕೆಲಸಕ್ಕೆ ಇನ್ನೊಂದಿಲ್ಲ. ತಲೆನೋವಿನ ಬಾಮು ಹಚ್ಚಿದರೆ ಗುರುತು ಎದ್ದು ಕಾಣುತ್ತದೆ ಎಂದು ಹೇಳುವವರಿದ್ದಾರೆ. ಗಾಜು ಹಾಳಾಗುವುದಲ್ಲದೆ ಮತ್ತೇನೂ ಆಗುವುದಿಲ್ಲ.

ಮಿಶಿನಿನ ಮುಂದೆ ಕುಳಿತಾಗ ಮೊದಲು ಗಾಜು ಒರೆಸಲು ಹೇಳಿ. ಹಿಂದಿನವರ ಬೆರಳಿನ ಜಿಡ್ಡು ಅಲ್ಲೇ ಇರುತ್ತದೆ. ಕಿಟಕಿಯ ಬಿಸಿಲು ನೇರ ಗಾಜಿಗೆ ಬೀಳುತ್ತಿದ್ದರೆ ಮಿಶಿನನ್ನು ತಿರುಗಿಸಿ ಇಡಿಸಿ. ಹಿರಿಯರು ಸಾಮಾನ್ಯವಾಗಿ ಹೆಬ್ಬೆಟ್ಟು ಒತ್ತುವ ಅಭ್ಯಾಸದಲ್ಲಿ ಬೆರಳ ತುದಿಯನ್ನು ಬಲವಾಗಿ ಅದುಮುತ್ತಾರೆ. ಹಾಗೆ ಅದುಮಿದರೆ ಗೆರೆಗಳು ಒಂದಕ್ಕೊಂದು ಅಂಟಿ ಕಪ್ಪು ಮುದ್ದೆಯಾಗುತ್ತದೆ. ‘ಅಜ್ಜಿ, ಒತ್ತಬೇಡಿ, ರೊಟ್ಟಿ ಕಾವಲಿಗೆ ಇಟ್ಟ ಹಾಗೆ ಸುಮ್ಮನೆ ಇಡಿ’ ಎಂದರೆ ಅರ್ಥವಾಗುತ್ತದೆ. ಮೊದಲ ಗಂಟಿನಿಂದ ಮೇಲಿನ ಭಾಗ ಪೂರ್ತಿ ಗಾಜಿಗೆ ತಾಗಿರಬೇಕು, ಮಿಶಿನಿನ ಬೆಳಕು ಆರುವ ವರೆಗೆ ಅಲುಗಬಾರದು. ತೀರಾ ಒಣಗಿದ್ದರೆ ಬೆರಳನ್ನು ಹಣೆಗೆ ಒಮ್ಮೆ ಸವರಿ ಇಟ್ಟರೆ ಸಾಕಷ್ಟು ಪಸೆ ಸಿಗುತ್ತದೆ.

ಎರಡು ಸಲ ಹೆಬ್ಬೆಟ್ಟು ಇಟ್ಟು ‘ಆಗುವುದಿಲ್ಲ’ ಎಂದು ಎಬ್ಬಿಸಿ ಕಳಿಸುವುದನ್ನು ಒಪ್ಪಬೇಡಿ. ಆಧಾರಿನಲ್ಲಿ ಹತ್ತೂ ಬೆರಳಿನ ಗುರುತು ಇದೆ. ಕೆಲಸದಲ್ಲಿ ಕಡಿಮೆ ಸವೆಯುವ ಉಂಗುರಬೆರಳು, ಎಡಗೈ ಬೆರಳುಗಳನ್ನು ಮೊದಲು ಇಡಿಸಿ. ಆಗದಿದ್ದರೆ ಕಣ್ಣಿನ ಪಾಪೆಯ ಸ್ಕ್ಯಾನರ್ ಇರುವ ಅಕ್ಷಯ ಕೇಂದ್ರ ಯಾವುದೆಂದು ಕೇಳಿ ಅಲ್ಲಿಗೆ ಹೋಗಿ. ಕನ್ನಡಕ ತೆಗೆಯಬೇಕು, ರೆಪ್ಪೆ ಜೋತು ಬಿದ್ದಿದ್ದರೆ ಜೊತೆಗಿರುವವರು ಮೆಲ್ಲ ಎತ್ತಿ ಹಿಡಿಯಬೇಕು.

ಪರದೆಯಲ್ಲಿ ಬರುವ ನಂಬರನ್ನೂ ಕೇಳಿ ಬರೆದುಕೊಳ್ಳಿ. 300 ಬಂದರೆ ಬೆರಳು ತಾಳೆಯಾಗಿಲ್ಲ ಎಂದರ್ಥ, ಇನ್ನೊಂದು ಬೆರಳು ಇಡಬೇಕು. 330 ಬಂದರೆ ಬೆರಳಿನ ತಪ್ಪೇ ಅಲ್ಲ, ಆಧಾರಿನ ಬಯೋಮೆಟ್ರಿಕ್ ಲಾಕ್ ಆಗಿದೆ. ಮೊಮ್ಮಗ ‘ಸೇಫ್ಟಿಗೆ’ ಎಂದು ಮೊಬೈಲಿನಲ್ಲಿ ಲಾಕ್ ಮಾಡಿ ಮರೆತಿರುತ್ತಾನೆ. ಅವನೇ ಎರಡು ನಿಮಿಷದಲ್ಲಿ ತೆಗೆಯಬಹುದು.

ಹಳೆಯ ಆಧಾರಿನ ಗುರುತು ಈಗಿನ ಬೆರಳಿಗೆ ಹೊಂದುವುದೇ ಇಲ್ಲ ಎಂದಾದರೆ ಬಯೋಮೆಟ್ರಿಕ್ ಹೊಸದು ಮಾಡಿಸಬೇಕು. ಇದಕ್ಕೆ 2025ರ ಅಕ್ಟೋಬರಿನಿಂದ 125 ರೂಪಾಯಿ. ಹೊಸದು ದಾಖಲಾಗಲು ದಿನ ಹಿಡಿಯುತ್ತದೆ, ಅದಕ್ಕೇ ಮೇ ತಿಂಗಳಲ್ಲಿ ಮಾಡಿಸಿ ಎನ್ನುವುದು. ಕಳೆದ ಸಲ ಕಷ್ಟಪಟ್ಟವರು ಈ ಸಲವೂ ಕಷ್ಟಪಡುವುದು ಖಂಡಿತ, ಮಸ್ಟರಿಂಗ್ ಶುರುವಾಗುವ ವರೆಗೆ ಕಾಯಬೇಡಿ.

ಏನು ಮಾಡಿದರೂ ಆಗಲಿಲ್ಲವೆಂದರೆ ಮಸ್ಟರಿಂಗ್ ವಿಫಲವಾದ ವರದಿಯನ್ನು ಅಕ್ಷಯದಿಂದ ಪಡೆದು, ಅದರ ಜೊತೆ ಲೈಫ್ ಸರ್ಟಿಫಿಕೇಟನ್ನು ಪಂಚಾಯತಿಗೆ ಕೊಡಬೇಕು. ಯಾರ ಸಹಿ ಬೇಕೆಂದು ಪಂಚಾಯತಿನಲ್ಲೇ ಕೇಳಿ. ವರದಿ ಇಲ್ಲದೆ ಬರಿಗೈಯಲ್ಲಿ ಹೋದರೆ ಪುನಃ ಅಕ್ಷಯಕ್ಕೇ ಕಳಿಸುತ್ತಾರೆ. ಪಿಂಚಣಿ ದಾಖಲೆಯಲ್ಲಿ ಆಧಾರ್ ನಂಬರೇ ತಪ್ಪಿದ್ದರೆ ಅದನ್ನು ತಿದ್ದುವ ಅಧಿಕಾರ ಪಂಚಾಯತಿನದ್ದು, ಅಕ್ಷಯದವರ ಹತ್ತಿರ ಜಗಳಾಡಿ ಫಲವಿಲ್ಲ.

ಮುಗಿದ ಮೇಲೆ ರಶೀದಿ ಇಲ್ಲದೆ ಏಳಬೇಡಿ. ಎರಡು ವಾರ ಬಿಟ್ಟು ‘ಸೇವನ’ ಪಿಂಚಣಿ ಜಾಲತಾಣದಲ್ಲಿ ಪಿಂಚಣಿ ನಂಬರ್ ಹಾಕಿಸಿ ದಾಖಲಾಗಿದೆಯೇ ನೋಡಿ.

ವಿಧವಾ ಪಿಂಚಣಿ, ಮರಣ

ವಿಧವಾ ಪಿಂಚಣಿ ಪಡೆಯುವ, 60 ತುಂಬದ ಹೆಂಗಸರು ಮಸ್ಟರಿಂಗ್ ಅಲ್ಲದೆ ಮರುಮದುವೆಯಾಗಿಲ್ಲ ಎಂಬ ಸರ್ಟಿಫಿಕೇಟನ್ನೂ ವರ್ಷ ವರ್ಷ ಕೊಡಬೇಕು. 60 ದಾಟಿದವರಿಗೆ ಬೇಡ. ಪಿಂಚಣಿದಾರರು ತೀರಿಕೊಂಡರೆ ಉತ್ತರಕ್ರಿಯೆ ಕಳೆಯುವ ವರೆಗೂ ಕಾಯದೆ ಪಂಚಾಯತಿನ ಪಿಂಚಣಿ ವಿಭಾಗಕ್ಕೆ ತಿಳಿಸಿ. ಆಮೇಲೆ ಖಾತೆಗೆ ಬಿದ್ದ ಹಣ ಮನೆಯವರೇ ಹಿಂದೆ ಕೊಡಬೇಕಾಗುತ್ತದೆ.

ಹಣ ಕಡಿಮೆ ಬಂದರೆ

1800 ಮಾತ್ರ ಬಂತು, 200 ಕಡಿತವಾಯಿತು ಎಂಬ ದೂರು ಸಾಮಾನ್ಯ. ವೃದ್ಧಾಪ್ಯ ಪಿಂಚಣಿಯಲ್ಲಿ ಕೆಲವರಿಗೆ ಕೇಂದ್ರ ಸರಕಾರದ ಪಾಲೂ ಇರುತ್ತದೆ: 80 ವರ್ಷದ ವರೆಗೆ 200, 80 ತುಂಬಿದ ಮೇಲೆ 500. ಅದು ಬೇರೆಯಾಗಿ, ಬೇರೆ ದಿನ, ಆಧಾರ್ ಜೋಡಿಸಿದ ಖಾತೆಗೆ ಬೀಳುತ್ತದೆ. ರಾಜ್ಯದ ಪಾಲು ಸಹಕಾರಿ ಸಂಘದವರು ಮನೆಗೆ ತಂದು ಕೊಡುತ್ತಿದ್ದರೂ ಇದು ಬ್ಯಾಂಕಿಗೇ ಹೋಗುತ್ತದೆ. ಯಾವ ಬ್ಯಾಂಕು ಎಂದು ಹಿರಿಯರಿಗೆ ನೆನಪಿರುವುದಿಲ್ಲ. ಉದ್ಯೋಗ ಖಾತ್ರಿಗೋ ಗ್ಯಾಸಿನ ಸಬ್ಸಿಡಿಗೋ ತೆರೆದು ಕಪಾಟಿನ ಮೂಲೆಗೆ ಬಿದ್ದ ಹಳೆಯ ಪಾಸ್‌ಬುಕ್ಕನ್ನು ಹುಡುಕಿ ಒಮ್ಮೆ ಎಂಟ್ರಿ ಮಾಡಿಸಿ ನೋಡಿ.